ಗಾಜಿಲ್ಲದೆ ಇಟ್ಟ ಕೈ

ಫೆಬ್ರವರಿ 6

ಅತ್ತೆಯವರ ಸನ್ನಿಧಾನಕ್ಕೆ,

ವಿಷಯ: ಕ್ಷಮಾಪಣಾ ಪತ್ರ, ಸಂಖ್ಯೆ ಒಂದು.

ಕಳೆದ ತಿಂಗಳು ತಮ್ಮ ಮನೆಗೆ ಬಂದಿದ್ದ ತಮ್ಮ ಅಣ್ಣನ ಒಬ್ಬನೇ ಮಗನು, ಅಂದರೆ ನಾನು, ತಮ್ಮ ಬಚ್ಚಲಿನ ಬಿಳಿ ಬಕೆಟ್ಟಿಗೆ, ಬಾಗಿಲ ಹಿಡಿಕೆಗೆ ಹಾಗೂ ಒಂದು ಟವೆಲ್ಲಿಗೆ ನೀಲಿ ಮೆತ್ತಿ, ಹೇಳದೆ ಕೇಳದೆ ಬಸ್ಸು ಹತ್ತಿದ್ದು ನಿಜ. ನೀಲಿ ಭಾಗ ಒಳಗೆ ಹೋಗುವಂತೆ ಟವೆಲ್ಲನ್ನು ಮಡಿಸಿಟ್ಟದ್ದೂ ನಿಜ. ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ. ಶಿಕ್ಷೆಯ ಬದಲು ಒಂದು ಹುದ್ದೆ ಕೊಡಲು ಬಂದಿದ್ದಾನೆ.

ತಿಳಿಯಬೇಕಾದದ್ದು ಏನೆಂದರೆ, ನನ್ನ ಬಾಡಿಗೆ ಕೋಣೆಯ ತಾರಸಿಯ ಮೇಲೆ 'ಬಿಸಿಲಚ್ಚು ಇಲಾಖೆ' ಸ್ಥಾಪನೆಯಾಗಿದೆ. ಮಹಾನಿರ್ದೇಶಕ ನಾನೇ, ಜವಾನನೂ ನಾನೇ. ಕ್ಯಾಮೆರಾ ಇಲ್ಲ, ಲೆನ್ಸ್ ಇಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ಕೆಲಸ ಮಾಡಿದ್ದಕ್ಕೆ ಇಷ್ಟಾದರೂ ಬಂತು: ಎರಡು ಪುಡಿಯನ್ನು ಬೇರೆ ಬೇರೆ ನೀರಲ್ಲಿ ಕರಗಿಸಿ, ಮಂದ ಬೆಳಕಲ್ಲಿ ಸೇರಿಸಿ, ದಪ್ಪ ಕಾಗದಕ್ಕೆ ಬ್ರಷ್ಷಿನಲ್ಲಿ ಹಚ್ಚಿ, ಬೀರುವಿನ ಕತ್ತಲಲ್ಲಿ ಒಣಗಿಸಬೇಕು. ಆ ಕಾಗದದ ಮೇಲೆ ಏನಾದರೂ ಇಟ್ಟು ಬಿಸಿಲಿಗೆ ಹಿಡಿದರೆ, ಬಿಸಿಲು ಬಿದ್ದಲ್ಲಿ ನೀಲಿ, ನೆರಳು ಬಿದ್ದಲ್ಲಿ ಬಿಳಿ. ಆಮೇಲೆ ಬಕೆಟ್ಟಿನ ನೀರಲ್ಲಿ ತೊಳೆದರೆ ಮುಗೀತು. (ಬಕೆಟ್ಟಿನ ಗತಿ ಏನಾಗುತ್ತದೆಂದು ತಮಗೆ ಗೊತ್ತು.)

ಇದರೊಂದಿಗೆ ಕಪ್ಪು ಲಕೋಟೆಯಲ್ಲಿ ಆರು ಹಾಳೆ ಇವೆ. ಬಿಸಿಲಿಗೆ ಹೋಗುವ ತನಕ ಬಿಚ್ಚಬಾರದು. ತಮ್ಮನ್ನು ಗೌರವ ಶಾಖಾಧಿಕಾರಿಯಾಗಿ ನೇಮಿಸಲಾಗಿದೆ. ಮೊದಲು ತಾವು ರಿಪೇರಿ ಮಾಡುವ ಗಡಿಯಾರದ ಚಕ್ರಗಳ ಅಚ್ಚು, ಆಮೇಲೆ ತಮ್ಮ ಕೈಯದು. ಹನ್ನೆರಡು ನಿಮಿಷ. ಮೇಲೆ ಗಾಜು ಕಡ್ಡಾಯ, ಇಲ್ಲದಿದ್ದರೆ ಇಟ್ಟದ್ದು ಅಲ್ಲಾಡಿ ಅಂಚು ಕೆಡುತ್ತದೆ.

ಇಂತಿ,
ಮಹಾನಿರ್ದೇಶಕ


ಫೆಬ್ರವರಿ 19

ಪ್ರೀತಿಯ ದೊರೆಗೆ,

ಟವೆಲ್ಲಿನ ವಿಷಯ ನೀನು ಬಸ್ಸು ಹತ್ತಿದ ಅರ್ಧ ಗಂಟೆಗೇ ಗೊತ್ತಾಯ್ತು. ಅದರಲ್ಲೇ ಮುಖ ಒರೆಸಿಕೊಂಡು ಅಂಗಡಿಗೆ ಹೋಗಿದ್ದೆ. ಅಂಗಡಿ ಯಜಮಾನರು ನನ್ನ ಗಲ್ಲ ನೋಡಿ, ಏನೂ ಕೇಳದೆ, ತಮ್ಮ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪಾಪ, ಸಭ್ಯರು. ನಿನ್ನ ಇಲಾಖೆಗೆ ನನ್ನ ಹಳೇ ಚಪ್ಪಲಿ ಕಳಿಸಬೇಕು ಅಂತಿದ್ದೆ, ಅಂಚೆಯವರ ಮೇಲೆ ಕರುಣೆ ಬಂತು.

ಅಂಗಡಿ ಹಿಂದೆ ನೀರಿನ ತೊಟ್ಟಿಗೆ ಸಿಮೆಂಟಿನ ಮುಚ್ಚಳ ಇದೆ. ಊಟದ ಹೊತ್ತಲ್ಲಿ ಅಲ್ಲಿ ಚೆನ್ನಾಗಿ ಬಿಸಿಲು ಬೀಳುತ್ತೆ. ರಿಪೇರಿಗೆ ಬಾರದ ಒಂದು ಹಳೇ ಗಡಿಯಾರ ಬಿಚ್ಚಿ, ಚಕ್ರಗಳನ್ನೆಲ್ಲ ಹಾಳೆ ಮೇಲೆ ಜೋಡಿಸಿದೆ. ಹಳದಿ ಹಾಳೆ ನೋಡ್ತಾ ನೋಡ್ತಾ ಬೂದಿ ಬಣ್ಣಕ್ಕೆ ತಿರುಗಿತು. ನೀರಿಗೆ ಹಾಕಿದೆ ನೋಡು, ನೀಲಿ ಎದ್ದು ಬಂತು. ಇಪ್ಪತ್ತಾರು ವರ್ಷದಿಂದ ಈ ಚಕ್ರಗಳನ್ನು ಚಿಮಟದಲ್ಲಿ ಎತ್ತಿ ಇಡ್ತಿದ್ದೀನಿ, ಅವುಗಳ ಹಲ್ಲು ಇಷ್ಟು ಚಂದ ಇದೆ ಅಂತ ಈಗ ಗೊತ್ತಾಯ್ತು. ಅಚ್ಚು ಇದರ ಜೊತೆಗಿದೆ.

ಕೈಯದು ಆಮೇಲೆ ನೋಡೋಣ.

ನಿನ್ನ
ಅತ್ತೆ


ಫೆಬ್ರವರಿ 27

ಶಾಖಾಧಿಕಾರಿಗಳಿಗೆ,

ವಿಷಯ: ತಪಾಸಣಾ ವರದಿ ಹಾಗೂ ಎರಡು ಆಕ್ಷೇಪಣೆ.

ಚಕ್ರಗಳ ಅಚ್ಚನ್ನು ಇಲಾಖೆ ಪರಿಶೀಲಿಸಿತು. ಎಡಗಡೆಯಿಂದ ಮೂರನೇ ಚಕ್ರ ಹಾಳೆಗೆ ಅಂಟಿ ಕೂತಿಲ್ಲ; ಅದರಡಿ ಏನೋ ಕಸ ಇತ್ತು, ಬಲಬದಿ ಎದ್ದಿತ್ತು. ಹೌದೋ ಅಲ್ಲವೋ? ಹೇಗೆ ಗೊತ್ತಾಯಿತೆಂದರೆ, ವಸ್ತು ಹಾಳೆಗೆ ತಾಗಿದ್ದರೆ ಅಂಚು ಚೂಪಾಗಿ ಬರುತ್ತದೆ. ಎದ್ದಿದ್ದರೆ ಅಥವಾ ಅಲ್ಲಾಡಿದ್ದರೆ ಮಸುಕು. ಬಿಸಿಲಿಗೆ ಸುಳ್ಳು ಹೇಳಲು ಬರುವುದಿಲ್ಲ, ಈ ಮಹಾನಿರ್ದೇಶಕನ ಕಣ್ಣಿಗೆ ಏನೂ ತಪ್ಪುವುದಿಲ್ಲ.

ಆಕ್ಷೇಪಣೆ ಒಂದು: ತಮ್ಮ ಅಕ್ಷರ. ಹೋದ ವರ್ಷ ಗುಂಡಗೆ ಗೋಲಿಯ ಹಾಗೆ ಬರೆಯುತ್ತಿದ್ದವರು, ಈಗ ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಇರುವೆ ಸಾಲು ಮಾಡಿಬಿಡುತ್ತೀರಿ. ಶಾಯಿ ಉಳಿಸಿ ಏನು ಅರಮನೆ ಕಟ್ಟಿಸಬೇಕಾಗಿದೆ? ಇಲಾಖೆಯವರು ಗಾಜಿನ ಲೋಟದ ತಳ ಹಿಡಿದು ಓದಬೇಕಾಯಿತು.

ಆಕ್ಷೇಪಣೆ ಎರಡು: ಕೈ ಎಲ್ಲಿ? ಮಾರ್ಚ್ ಮಧ್ಯದಲ್ಲಿ ನಮ್ಮ ಕಾಲೇಜಿನ ಮೊಗಸಾಲೆಯಲ್ಲಿ ಬಿಸಿಲಚ್ಚುಗಳ ಪ್ರದರ್ಶನ. ಬೀಗದ ಕೈ, ಬಾಚಣಿಗೆ, ಎಲೆ, ಪ್ರಾಂಶುಪಾಲರ ಕನ್ನಡಕ (ಕೇಳದೆ ತಂದದ್ದು) ಎಲ್ಲ ಸಿದ್ಧವಾಗಿವೆ. ಮಧ್ಯದ ಜಾಗ ತಮ್ಮ ಕೈಗೆ ಕಾದಿರಿಸಿದೆ.

ಮ.ನಿ.


ಮಾರ್ಚ್ 9

ದೊರೆ,

ಮೂರನೇ ಚಕ್ರದ ಕೆಳಗೆ ಅಕ್ಕಿಕಾಳಿನಷ್ಟು ಸಿಮೆಂಟು ಎದ್ದಿತ್ತು. ಹೋಗಿ ಬೆರಳಾಡಿಸಿ ನೋಡಿದೆ. ಭಲೇ ಕಣೋ.

ಕೈ ಕಳಿಸಿದ್ದೀನಿ. ಬಲಗೈ. ಹನ್ನೆರಡು ನಿಮಿಷ ಪೂರ್ತಿ ಇಟ್ಟೆ. ಗಾಜು ಇಡಲಿಲ್ಲ.

ನೋಡಿ ಹೇಳು.

ಅತ್ತೆ


ಮಾರ್ಚ್ 16

ಶಾಖಾಧಿಕಾರಿಗಳಿಗೆ,

ಹೇಳುತ್ತೇನೆ, ಕೇಳಿ. ಮಣಿಕಟ್ಟು ಒಂದು, ಕಿರುಬೆರಳು ಒಂದು. ಇಲ್ಲಿಯವರೆಗೆ ಲೆಕ್ಕ ಸರಿ. ತೋರುಬೆರಳು ಎರಡು, ಹೆಬ್ಬೆರಳು ಮೂರು. ಒಟ್ಟು ಎಂಟು ಬೆರಳು. ಇಪ್ಪತ್ತಾರು ವರ್ಷ ಇಷ್ಟು ಬೆರಳನ್ನು ಯಜಮಾನರಿಂದ ಹೇಗೆ ಮುಚ್ಚಿಟ್ಟಿರಿ? ಹನ್ನೆರಡು ನಿಮಿಷದಲ್ಲಿ ಯಾರನ್ನು ಸನ್ನೆ ಮಾಡಿ ಕರೆಯುತ್ತಿದ್ದಿರಿ? ಗಾಜು ಕಡ್ಡಾಯ ಎಂದು ಇಲಾಖೆ ಬರೆದದ್ದನ್ನು ಗಾಳಿಗೆ ತೂರಿದ ಅಧಿಕಾರಿಯನ್ನು ಏನು ಮಾಡಬೇಕು?

ಸಾರ್ವಜನಿಕವಾಗಿ ಗಲ್ಲಿಗೇರಿಸಬೇಕು. ಏರಿಸಿದ್ದೇವೆ. ಮೊಗಸಾಲೆಯ ದೊಡ್ಡ ಕಿಟಕಿಯೆದುರು, ಸರಿಯಾಗಿ ಮಧ್ಯದಲ್ಲಿ. ಕೆಳಗೆ ನನ್ನ ಸುಂದರ ಅಕ್ಷರದಲ್ಲಿ:

"ಸುಮ್ಮನಿರಲಾರದ ಕೈ. ನಿಮ್ಮ ಗಡಿಯಾರ ತಪ್ಪು ಸಮಯ ತೋರಿಸುತ್ತಿದ್ದರೆ ಕಾರಣ ಇದೇ. ವಿಚಾರಣೆಗೆ: ದೊಡ್ಡ ಸೇತುವೆ ಪಕ್ಕದ ಗಡಿಯಾರದ ಅಂಗಡಿ, ಕಿಟಕಿ ಬದಿಯ ಬೆಂಚು. (ನನ್ನ ಸೋದರತ್ತೆ.)"

ಜನ ನಕ್ಕಿದ್ದೇ ನಕ್ಕಿದ್ದು. ನಮ್ಮ ರಸಾಯನಶಾಸ್ತ್ರದ ಮೇಡಂ ಒಬ್ಬರು ನಗಲಿಲ್ಲ; ಅವರು ಹುಟ್ಟುವಾಗಲೇ ನಗು ಮನೇಲಿ ಮರೆತು ಬಂದವರು. ವಾರಪತ್ರಿಕೆಯವನೊಬ್ಬ ಬಂದು ಅಡಿಬರಹದ ಸಮೇತ ಫೋಟೋ ಹೊಡೆದುಕೊಂಡು ಹೋಗಿದ್ದಾನೆ. ಆ ಪತ್ರಿಕೆ ನಿಮ್ಮೂರಿಗೂ ಬರುತ್ತದಲ್ಲವೇ? ಇನ್ನು ತಮ್ಮನ್ನು ಹಿಡಿಯುವವರಿಲ್ಲ.

ಮ.ನಿ.


ಏಪ್ರಿಲ್ 2

ಶಾಖಾಧಿಕಾರಿಗಳಿಗೆ,

ಪತ್ರಿಕೆಯಲ್ಲಿ ಬಂದೇಬಿಟ್ಟಿದೆ! ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಚೌಕಟ್ಟು ಹಾಕಿಸಿ ಬೆಂಚಿನ ಮೇಲೆ ತೂಗುಹಾಕತಕ್ಕದ್ದು.

ಎರಡು ವಾರದಿಂದ ಉತ್ತರವಿಲ್ಲ. ಮೌನವೇ ಸಮ್ಮತಿ ಎಂದು ದೊಡ್ಡವರು ಹೇಳಿದ್ದಾರೆ. ಕೀರ್ತಿ ಬಂದ ಮೇಲೆ ಬಡ ನೆಂಟರನ್ನು ಮರೆಯುತ್ತಾರೆ ಎಂದೂ ಅವರೇ ಹೇಳಿದ್ದಾರೆ. ಯಾವುದು ನಿಜ, ತಿಳಿಸಬೇಕು.

ಮ.ನಿ.


ಏಪ್ರಿಲ್ 14

ಅಣ್ಣನ ಮಗನಿಗೆ,

ನೀನು ಕಳಿಸಿದ ತುಂಡು ತಲುಪಿತು. ಅದಕ್ಕೆ ಮೂರು ದಿನ ಮುಂಚೆಯೇ ಪತ್ರಿಕೆ ಅಂಗಡಿಗೆ ಬಂದಿತ್ತು. ಅಲಾರಂ ಗಡಿಯಾರ ಬಿಡಿಸಿಕೊಳ್ಳೋಕೆ ಬಂದ ಮೇಷ್ಟ್ರು ತಂದಿದ್ದರು. "ನೋಡಿ ಸ್ವಾಮಿ, ನಿಮ್ಮ ಅಂಗಡಿ ಪೇಪರಿನಲ್ಲಿ ಬಂದಿದೆ" ಅಂತ ಖುಷಿಯಿಂದಲೇ ಕೊಟ್ಟರು. ಯಜಮಾನರು ನಿಧಾನಕ್ಕೆ ಓದಿದರು. ಮೇಷ್ಟ್ರು ಹೋಗೋ ತನಕ ಕಾದರು. ಬೈಯಲಿಲ್ಲ. ಕೌಂಟರಿನ ಗಾಜು ಒರೆಸಿ, "ಎಲ್ಲಿ, ಕೈ ಇಡಮ್ಮಾ ನೋಡೋಣ" ಅಂದರು.

ಇಟ್ಟೆ. ತೋರುಬೆರಳಿನ ಉಗುರು ಗಾಜಿಗೆ ಟಕಟಕ ಅಂತ ಬಡಿಯೋಕೆ ಶುರುವಾಯ್ತು. ಅಂಗಡಿ ತುಂಬ ಗಡಿಯಾರ ಇದೆ, ಅಷ್ಟೂ ಓಡ್ತಿವೆ. ಅವತ್ತು ಕೇಳಿಸಿದ್ದು ನನ್ನ ಉಗುರಿನ ಸದ್ದೊಂದೇ.

ಎರಡು ವರ್ಷ ಆಯ್ತು ಇದು ಶುರುವಾಗಿ. ಡಾಕ್ಟರು ಹೆಸರು ಹೇಳಿದ್ದಾರೆ, ಮಾತ್ರೆ ಕೊಟ್ಟಿದ್ದಾರೆ. ವಿಚಿತ್ರ ಏನು ಗೊತ್ತಾ, ಕೆಲಸ ಮಾಡೋವಾಗ ಅಲ್ಲಾಡಲ್ಲ. ಚಿಮಟ ಹಿಡಿದರೆ ನಿಲ್ಲುತ್ತೆ. ಸುಮ್ಮನೆ ಇಟ್ಟರೆ ಶುರು. ಅದಕ್ಕೇ ಅಂಗಡಿಯಲ್ಲಿ ಕೈ ಸುಮ್ಮನೆ ಇಡ್ತಾನೇ ಇರಲಿಲ್ಲ. ಏನೂ ಇಲ್ಲದಿದ್ದರೆ ಬಟ್ಟೆ ಹಿಡಿದು ಗಾಜು ಒರೆಸ್ತಿದ್ದೆ. ಕೂದಲಿಗಿಂತ ತೆಳು ಸ್ಪ್ರಿಂಗು ಕೂರಿಸಿದ್ದೀನಿ, ಒಂದೂ ವಾಪಸು ಬಂದಿಲ್ಲ. ಯಜಮಾನರು ಚಿಮಟ ಕೊಟ್ಟು ನೋಡಿದ್ದರೆ ತೋರಿಸ್ತಿದ್ದೆ. ಅವರು ಕೇಳಿದ್ದು ಕೈ. ಈಗ ಕಿಟಕಿ ಬದಿಯ ಬೆಂಚು ಅವರ ಸೊಸೆಗೆ. ನಾನು ಮುಂದುಗಡೆ ವಾಚಿನ ಪಟ್ಟಿ ಬದಲಾಯಿಸ್ತೀನಿ, ಸೆಲ್ಲು ಹಾಕಿ ಕೊಡ್ತೀನಿ. ಬಂದವರು ಮೊದಲು ನನ್ನ ಕೈ ನೋಡ್ತಾರೆ, ಆಮೇಲೆ ಮುಖ.

ಅಕ್ಷರ ಸಣ್ಣದಾಗೋದೂ ಅದರದೇ ಲಕ್ಷಣ. ಡಾಕ್ಟರು ಮೊದಲೇ ಹೇಳಿದ್ದರು. ಇರುವೆ ಸಾಲು ಅಂದೆಯಲ್ಲ, ಅದು.

ಇನ್ನೊಂದು ಮಾತು. ನಿನಗೆ ಕೈ ಕಳಿಸೋ ಮುಂಚೆ ಎರಡು ಅಚ್ಚು ತೆಗೆದಿದ್ದೆ. ಒಂದಕ್ಕೆ ಕೌಂಟರಿನ ಹಳೇ ಗಾಜು ಹೇರಿದ್ದೆ. ಕತ್ತರಿಸಿಟ್ಟ ಹಾಗೆ ಬಂತು. ಇನ್ನೊಂದಕ್ಕೆ ಇಡಲಿಲ್ಲ. ಎರಡನ್ನೂ ತಂತಿಗೆ ಹಾಕಿ ಯಾವುದು ಕಳಿಸಲಿ ಅಂತ ಎರಡು ದಿನ ನೋಡಿದೆ. ನಿಮ್ಮಪ್ಪನಿಗೂ ನಾನು ಹೇಳಿಲ್ಲ. ಬಾಯಲ್ಲಿ ಹೇಳೋಕೆ ನಾಚಿಕೆ, ಬರೆಯೋಕೆ ಅದಕ್ಕಿಂತ ನಾಚಿಕೆ. ಈ ಹುಡುಗ ಕಾಳಿನಷ್ಟು ಸಿಮೆಂಟನ್ನು ಅಲ್ಲಿ ಕೂತು ಕಂಡುಹಿಡಿದ, ಇವನಿಗೆ ತೋರಿಸಿದರೆ ಸಾಕು, ಹೇಳಬೇಕಾಗಿಲ್ಲ ಅಂದುಕೊಂಡೆ. ಹನ್ನೆರಡು ನಿಮಿಷ ಬಿಸಿಲಲ್ಲಿ ಕೂತು ಹೇಳಿದ ಮಾತು ಅದು. ಮೊದಲು ಹೇಳಿದ್ದು ನಿನಗೆ.

ನಗು ಬರೋ ಹಾಗೇ ಇತ್ತು, ಒಪ್ತೀನಿ.

ಅತ್ತೆ


ಏಪ್ರಿಲ್ 18

ಅತ್ತೆ,

ಮೇಲಿನ ನಾಲ್ಕು ಸಾಲು ಹೊಡೆದು ಹಾಕಿದ್ದೇನೆ. ಅಲ್ಲಿ "ವಿಷಯ: ರಾಜೀನಾಮೆ" ಅಂತ ಇತ್ತು. ಇದೆಂಥ ಕೆಟ್ಟ ಚಟ ನೋಡು, ಅಳು ಬಂದರೂ ಅರ್ಜಿ ನಮೂನೆಯಲ್ಲೇ ಬರುತ್ತೆ.

ನಿನ್ನ ಕಾಗದ ಬಂದ ಗಳಿಗೆಯಲ್ಲೇ ಓಡಿಹೋಗಿ ಅಚ್ಚು ಇಳಿಸಿದೆ. ಅಡಿಬರಹ ಹರಿದೆ. ಹರಿಯುವಾಗ ಇಬ್ಬರು ಹುಡುಗಿಯರು ಅದನ್ನೇ ಓದಿ ನಗ್ತಿದ್ದರು. "ಯಾಕೆ ತೆಗೀತೀರಾ, ಚೆನ್ನಾಗಿತ್ತಲ್ಲ" ಅಂದರು.

ಈ ಭಾನುವಾರ ಬರ್ತೀನಿ. ಯಜಮಾನರ ಹತ್ತಿರ ನಾನೇ ಮಾತಾಡ್ತೀನಿ. ತಪ್ಪು ನನ್ನದು, ಕೈಯದಲ್ಲ ಅಂತ ಹೇಳ್ತೀನಿ. ಬೇಕಾದರೆ ಅವರ ಕಾಲಿಗೆ ಬೀಳ್ತೀನಿ. ಪತ್ರಿಕೆಯವನ ಹತ್ತಿರ ತಿದ್ದುಪಡಿ ಹಾಕಿಸ್ತೀನಿ.


ಏಪ್ರಿಲ್ 25

ಬರಬೇಡ ಅಂತ ಟೆಲಿಗ್ರಾಮಿನ ಹಾಗೆ ಒಂದೇ ಪದದ ಕಾರ್ಡು ಹಾಕಿದ್ದು ಸಿಕ್ಕಿತು ಅಂದುಕೊಳ್ತೀನಿ, ಬರಲಿಲ್ಲವಲ್ಲ.

ನೀನು ಬಂದು ಕಾಲಿಗೆ ಬಿದ್ದರೆ ಅದೂ ಒಂದು ನಾಟಕ ಆಗುತ್ತೆ. ಜನ ಸೇರ್ತಾರೆ. ಮತ್ತೆ ನೋಡೋದು ನನ್ನ ಕೈಯನ್ನೇ. ತಿದ್ದುಪಡಿಯಲ್ಲಿ ಏನಂತ ಹಾಕಿಸ್ತೀಯ, ಐದೇ ಬೆರಳು ಅಂತಲೋ?

ಕ್ಷಮಾಪಣಾ ಪತ್ರ ಸಂಖ್ಯೆ ಎರಡು ಕಳಿಸಬೇಡ. ಸ್ವಲ್ಪ ದಿನ ಏನೂ ಬರೀಬೇಡ.


ಮೇ 20

ಅತ್ತೆ,

ಸ್ವಲ್ಪ ದಿನ ಅಂದರೆ ಎಷ್ಟು ಅಂತ ನೀನು ಹೇಳಿರಲಿಲ್ಲ. ಇಪ್ಪತ್ತೈದು ದಿನ ಆಯ್ತು. ಇದು ಸಂಖ್ಯೆ ಎರಡು ಅಲ್ಲ. ಹೇಳದೆ ಬಿಟ್ಟಿದ್ದ ಒಂದು ವಿಷಯ, ಅಷ್ಟೇ. ಓದಿ ಹರಿದು ಹಾಕು.

ನಿನ್ನ ಕೈಯ ಅಚ್ಚು ಒಂದು ತಿಂಗಳು ಕಿಟಕಿಯೆದುರು ಇತ್ತಲ್ಲ, ಇಳಿಸುವಾಗಲೇ ನೀಲಿ ತೆಳ್ಳಗಾಗಿತ್ತು, ತೊಳೆದು ತೊಳೆದು ಸವೆದ ಬಟ್ಟೆಯ ಹಾಗೆ. ಬೆರಳು ಯಾವುದು, ಬಯಲು ಯಾವುದು ಗೊತ್ತಾಗ್ತಿರಲಿಲ್ಲ. ನಿಜ ಹೇಳ್ತೀನಿ, ಸಮಾಧಾನ ಆಯ್ತು. ಬಿಸಿಲು ಮಾಡಿದ್ದನ್ನು ಬಿಸಿಲೇ ಅಳಿಸ್ತಿದೆ, ಒಳ್ಳೆಯದಾಯ್ತು ಅಂತ ಮೇಜಿನ ಡ್ರಾಯರಿನ ತಳಕ್ಕೆ ಹಾಕಿ ಮೇಲೆ ಪುಸ್ತಕ ಹೇರಿದೆ. ಮೊನ್ನೆ ಕತ್ತರಿ ಹುಡುಕೋಕೆ ತೆಗೆದರೆ, ಅತ್ತೆ, ಮೊದಲಿನ ಹಾಗೇ ನೀಲಿ. ಹೆಬ್ಬೆರಳು ಮೂರು, ತೋರುಬೆರಳು ಎರಡು. ಒಂದೂ ಹೋಗಿಲ್ಲ. ಹೆದರಿ ಡ್ರಾಯರು ಮುಚ್ಚಿದೆ.

ರಸಾಯನಶಾಸ್ತ್ರದ ಮೇಡಂಗೆ ಹೇಳಿದೆ. "ಈ ನೀಲಿಯ ಗುಣವೇ ಅದು, ಬೆಳಕಲ್ಲಿ ಮಾಸುತ್ತೆ, ಕತ್ತಲಲ್ಲಿಟ್ಟರೆ ವಾಪಸು ಬರುತ್ತೆ" ಅಂದರು. ಆಮೇಲೆ, "ಅತ್ತೆ ಹೇಗಿದ್ದಾರೆ?" ಅಂದರು.

ಹೇಳದೆ ಬಿಟ್ಟದ್ದು ಇಲ್ಲಿದೆ. ಪ್ರದರ್ಶನದ ದಿನವೂ ಅವರು ಇದನ್ನೇ ಕೇಳಿದ್ದರು. ಎಲ್ಲರೂ ನಗುವಾಗ ಅಚ್ಚಿನ ಹತ್ತಿರ ಬಗ್ಗಿ, "ಮಣಿಕಟ್ಟು ಚೂಪಾಗಿದೆ, ಎರಡೇ ಬೆರಳು ಮಸುಕು. ನಿಮ್ಮ ಅತ್ತೆ ಆರೋಗ್ಯವಾಗಿದ್ದಾರಾ?" ಅಂದರು. ನಾನು ಅವರ ನಗುವಿನ ಬಗ್ಗೆ ನಿನಗೆ ಚುಟುಕು ಬರೆದೆ, ಇದನ್ನು ಬರೀಲಿಲ್ಲ.

ಇನ್ನೂ ಕೆಟ್ಟದ್ದು ಏನಂದರೆ, ಅವರು ಹೇಳುವ ಮುಂಚೆಯೇ ನನಗೂ ಕಂಡಿತ್ತು. ಲಕೋಟೆ ಬಿಚ್ಚಿದಾಗಲೇ. ಸನ್ನೆ ಮಾಡಿದರೆ ಇಡೀ ಕೈ ಮಸುಕಾಗಬೇಕು, ಎರಡೇ ಬೆರಳು ಯಾಕೆ ಅಂತ ಒಂದು ಕ್ಷಣ ಅನ್ನಿಸಿತು. ಅಷ್ಟರಲ್ಲಿ "ಒಟ್ಟು ಎಂಟು ಬೆರಳು" ಅನ್ನೋ ಸಾಲು ಹೊಳೆಯಿತು. ಸಾಲು ಚೆನ್ನಾಗಿತ್ತು. ಅದನ್ನು ಬಿಡೋಕೆ ಮನಸ್ಸಾಗಲಿಲ್ಲ. ಕಾಣಲಿಲ್ಲ ಅಂತ ನೀನು ಅಂದುಕೊಂಡಿದ್ದೀಯ. ಕಂಡಿತ್ತು.

ಇದನ್ನು ಬರೆಯುವಾಗ ಕಿವಿ ಸುಡ್ತಿದೆ. ಕೋಣೆಯಲ್ಲಿ ಯಾರೂ ಇಲ್ಲ, ಆದರೂ ಗೋಡೆ ಕಡೆ ತಿರುಗಿ ಕೂತಿದ್ದೀನಿ.


ಜೂನ್ 3

ಕಾಗದ ಹಚ್ಚುವವನಿಗೆ,

ಹರಿದು ಹಾಕಲಿಲ್ಲ. ಎರಡು ದಿನ ಸಿಟ್ಟು ಮಾಡಿಕೊಂಡು ಕೂತಿದ್ದೆ, ಮೊದಲಿಗಿಂತ ಜಾಸ್ತಿ. ಕಾಣದೆ ಮಾಡಿದ್ದರೆ ಕೂಸು ಅನ್ನಬಹುದಿತ್ತು. ಮೂರನೇ ದಿನ ನಿಮ್ಮಪ್ಪನಿಗೆ ಫೋನು ಮಾಡಿ ನಾನೇ ಹೇಳಿದೆ. ಅವನು ಅತ್ತ. ಅವನನ್ನು ಸಮಾಧಾನ ಮಾಡೋದರಲ್ಲಿ ನನ್ನ ಸಿಟ್ಟು ಮರೆತುಹೋಯ್ತು. ನಿನ್ನ ಹೆಸರು ಎತ್ತಲಿಲ್ಲ. ಅದನ್ನು ನೀನೇ ಹೇಳಿಕೊ.

ಈಗ ಕೆಲಸದ ಮಾತು. ಯಜಮಾನರ ಸೊಸೆ ಒಳ್ಳೆಯವಳು, ಕೈ ಕಲ್ಲಿನ ಹಾಗೆ ನಿಲ್ಲುತ್ತೆ. ಆದರೆ ಗಡಿಯಾರ ಬಿಚ್ಚಿದ ಮೇಲೆ ಯಾವುದರ ಮೇಲೆ ಯಾವುದು ಅಂತ ನೆನಪಿರಲ್ಲ. ಹೋದ ವಾರ ಎಲ್ಲ ಜೋಡಿಸಿ ಮುಗಿಸಿದ ಮೇಲೆ ಒಂದು ಚಕ್ರ ಉಳಿದಿತ್ತು. "ಇದು ಜಾಸ್ತಿ ಕೊಟ್ಟಿದ್ದಾರೆ ಅಕ್ಕಾ" ಅಂದಳು. ತುಂಬ ದಿನ ಆದ ಮೇಲೆ ನಕ್ಕೆ.

ಉಳಿದಿದ್ದ ನಿನ್ನ ಹಾಳೆ ತೆಗೆದುಕೊಂಡೆ. ಊಟದ ಹೊತ್ತಲ್ಲಿ ತೊಟ್ಟಿ ಮುಚ್ಚಳದ ಮೇಲೆ, ಒಂದು ಗಡಿಯಾರ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟೆ. ಕೆಲಸ ತಾನೇ, ಕೈ ನಿಂತಿತು. ಗಾಜು ಹೇರಿದೆ. ಚೂಪಾಗಿ ಬಂತು. ಅದನ್ನು ಬೆಂಚಿನೆದುರು ಅಂಟಿಸಿದ್ದೀನಿ. ಈಗ ಅವಳು ಪ್ರತಿ ಚಕ್ರವನ್ನೂ ಅದರ ಬಿಳಿ ನೆರಳಿನ ಮೇಲೆ ಇಟ್ಟು, ಉಲ್ಟಾ ಕ್ರಮದಲ್ಲಿ ಎತ್ತಿ ಜೋಡಿಸ್ತಾಳೆ. ಯಜಮಾನರು ಬಂದು ನೋಡಿದರು. "ಇದನ್ನು ಯಾರಮ್ಮಾ ಇಟ್ಟಿದ್ದು?" ಅಂದರು. ನಾನೇ ಅಂದೆ. ಇವತ್ತು ಬೆಳಿಗ್ಗೆ ಇನ್ನೊಂದು ಬಗೆಯ ಗಡಿಯಾರ ತಂದು ನನ್ನೆದುರು ಇಟ್ಟು ಹೋದರು.

ಬೆಂಚು ನನಗೆ ವಾಪಸು ಬರಲ್ಲ. ಆ ಆಸೆ ಇಟ್ಟುಕೊಂಡು ನೀನು ಹಗುರಾಗಬೇಡ. ಕಲಿಸೋಕೆ ನನ್ನನ್ನು ಇಟ್ಟುಕೊಳ್ತಾರೆ, ಅಷ್ಟು ಗೊತ್ತಾಗಿದೆ. ನಲವತ್ತು ಹಾಳೆ ಕಳಿಸು. ಬಳಿಯುವಾಗ ಗೆರೆ ಬೀಳಿಸಬೇಡ, ಹೋದ ಸಲದ್ದರಲ್ಲಿ ಬಿದ್ದಿತ್ತು.

ಅತ್ತೆ


ಜೂನ್ 11

ಅತ್ತೆ,

ನಲವತ್ತು ಹಾಳೆ ಇದೆ. ಎರಡು ಸಲ ಹಚ್ಚಿದ್ದೀನಿ, ಅಡ್ಡಕ್ಕೊಂದು ಉದ್ದಕ್ಕೊಂದು. ಗೆರೆ ಬಿದ್ದವು ಒಂಬತ್ತು, ಅವನ್ನು ಇಟ್ಟುಕೊಂಡೆ. ಮುಗಿಯುವ ಮುಂಚೆ ಒಂದು ಕಾರ್ಡು ಹಾಕು.

ಅಪ್ಪನಿಗೆ ನಾನೇ ಹೇಳಿದೆ. ಪೂರ್ತಿ ಹೇಳಿದೆ, ಮೇಡಂ ಕೇಳಿದ್ದೂ ಸೇರಿ. ಅಪ್ಪ ಬೈಯಲಿಲ್ಲ. ಎದ್ದು ಆಚೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಗೆರೆ ಬಿದ್ದ ಹಾಳೆಯೊಂದರಲ್ಲಿ ನನ್ನ ಬಲಗೈ ಇಟ್ಟು ಕೂತೆ, ತಾರಸಿಯಲ್ಲಿ, ಗಾಜಿಲ್ಲದೆ, ಹನ್ನೆರಡು ನಿಮಿಷ. ಮೂರನೇ ನಿಮಿಷಕ್ಕೆ ಚರ್ಮ ಉರಿಯಿತು. ಏಳಕ್ಕೆ ನೊಣ ಬಂತು. ಹತ್ತನೆಯದರಲ್ಲಿ, ಎದ್ದುಬಿಡೋಣ, ಯಾರಿಗೆ ಗೊತ್ತಾಗುತ್ತೆ ಅನ್ನಿಸಿತು. ನೀನು ಆ ತೊಟ್ಟಿಯ ಬಳಿಯಿಂದ ಎದ್ದಿರಲಿಲ್ಲ. ನಿನ್ನ ಬೆರಳು ಅಲ್ಲಾಡೋದು ನೋಡ್ತಾ, ಅದು ಹಾಳೆಗೆ ಇಳೀತಿದೆ ಅಂತ ಗೊತ್ತಿದ್ದೂ, ಕೂತಿದ್ದೆ. ನನ್ನ ಅಚ್ಚು ಚೂಪಾಗಿ ಬಂತು. ಕಳಿಸೋಕೆ ನಾಚಿಕೆಯಾಯ್ತು. ಕಳಿಸ್ತಿಲ್ಲ.

ನಿನ್ನದನ್ನು ಡ್ರಾಯರಿನ ತಳದಿಂದ ತೆಗೆದು ಬೀರುವಿನಲ್ಲಿ ಇಟ್ಟಿದ್ದೀನಿ, ಅಂಗಿಗಳ ಪಕ್ಕ, ಬಾಗಿಲು ತೆಗೆದ ತಕ್ಷಣ ಕಾಣೋ ಹಾಗೆ. ಕತ್ತಲಲ್ಲೇ ಇರುತ್ತೆ, ಮಾಸಲ್ಲ. ಕೆಳಗೆ ಏನೂ ಬರೆದಿಲ್ಲ.

"ನೋಡಿ ಹೇಳು" ಅಂತ ನೀನು ಮಾರ್ಚ್ ಒಂಬತ್ತಕ್ಕೆ ಬರೆದಿದ್ದೆ. ಉತ್ತರ ತಡವಾಯ್ತು.

ನೋಡಿದೆ, ಅತ್ತೆ. ಯಾವಾಗಿನಿಂದ ಹೀಗಾಗ್ತಿದೆ? ನೋವಾಗುತ್ತಾ?